ಹೆಸರಿನ ಕೊನೆಯ ಅಕ್ಷರ ನೋಡು

ಶಿವಮೊಗ್ಗ

ಪ್ರೀತಿಯ ಪುಟ್ಟಾ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ ಹೊಸ ಕಂಪ್ಯೂಟರಿನ ಕೊಟೇಶನ್ ಫೋಟೋ ನೋಡಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರಿಗೆ ಬೆಂಬಲ ನಿಂತಿತು, ನಿಮ್ಮ ಹಳೇ ಕಂಪ್ಯೂಟರಿಗೆ 11 ಹಾಕಲು ಬರುವುದಿಲ್ಲ. ಹಾಗಾಗಿ ಹೊಸದು ಹಾಕಿಸಬೇಕು ಅನ್ನುವುದು ಸರಿಯೇ. ಆದರೆ ಆ ಪಟ್ಟಿಯ ಒಂದು ಸಾಲು ನೋಡಿ ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ಮರೆತು ಹೋಗುತ್ತದೆ. ಕಾಗದವಾದರೆ ಅಂಗಡಿಗೆ ಜೊತೆಯಲ್ಲೇ ಒಯ್ಯಬಹುದು ಅಂತ ಬರೆಯುತ್ತಿದ್ದೇನೆ.

ಆ ಸಾಲು ಗ್ರಾಫಿಕ್ಸ್ ಕಾರ್ಡಿನದು, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಬಿಡಿ ಕಾರ್ಡಿನದು. ಆರ್‌ಟಿಎಕ್ಸ್ 3050, 8 ಜಿಬಿ. ಇಡೀ ಪಟ್ಟಿಯಲ್ಲಿ ಅದರದ್ದೇ ದೊಡ್ಡ ಮೊತ್ತ. ನಿಮ್ಮ ಮನೆಯಲ್ಲಿ ಯಾರೂ ಗೇಮ್ ಆಡುವವರಲ್ಲ. ನಿಮ್ಮಪ್ಪನಿಗೆ ಟ್ಯಾಲಿ, ಅಡಿಕೆ ಲೆಕ್ಕದ ಎಕ್ಸೆಲ್. ನಿಮ್ಮಮ್ಮನಿಗೆ ಯೂಟ್ಯೂಬ್. ತಂಗಿಗೆ ಆನ್‌ಲೈನ್ ಕ್ಲಾಸು. ನಿನಗೆ ಕಾಲೇಜಿನ ಪ್ರೋಗ್ರಾಮಿಂಗ್. ಇಷ್ಟಕ್ಕೆ ಆ ಕಾರ್ಡ್ ಬೇಡ, ಪುಟ್ಟಾ. ಖಂಡಿತ ಬೇಡ.

"ಕಾರ್ಡ್ ಹಾಕದಿದ್ದರೆ ಪರದೆ ಮೇಲೆ ಏನೂ ಬರಲ್ಲ ಅಂತ ಅಂಗಡಿಯವರು ಹೇಳಿದರು" ಅಂತ ಬರೆದಿದ್ದೀಯಲ್ಲ, ಅದು ಸುಳ್ಳಲ್ಲ. ಆ ಪಟ್ಟಿಯ ಮಟ್ಟಿಗೆ ನಿಜವೇ. ಯಾಕೆ ಅಂತ ಪಟ್ಟಿಯಲ್ಲೇ ಇದೆ. ಪ್ರೊಸೆಸರ್ ಹೆಸರು ಇನ್ನೊಮ್ಮೆ ಓದು: ಐ5 12400ಎಫ್. ಇಂಟೆಲ್‌ನಲ್ಲಿ ಕೊನೆಗೆ ಆ 'ಎಫ್' ಇದ್ದರೆ ಪ್ರೊಸೆಸರಿನ ಒಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಕೆಲಸಕ್ಕಿಲ್ಲ ಅಂತ ಅರ್ಥ. ಅದೇ 12400, ಎಫ್ ಇಲ್ಲದ್ದು, ತೆಗೆದುಕೊಂಡರೆ ಯುಎಚ್‌ಡಿ 730 ಅನ್ನುವ ಗ್ರಾಫಿಕ್ಸ್ ಒಳಗೇ ಇರುತ್ತದೆ. ಎಫ್ ಇರುವುದು ಸ್ವಲ್ಪ ಅಗ್ಗ. ಅಲ್ಲಿ ಉಳಿಸಿದ ದುಡ್ಡಿಗಿಂತ ಎಷ್ಟೋ ಜಾಸ್ತಿ ಕಾರ್ಡಿಗೆ ಕೊಡಬೇಕಾಗುತ್ತದೆ. ಇನ್ನೊಂದು ಕಂಪನಿ ಎಎಂಡಿಯ ಪ್ರೊಸೆಸರ್ ತೋರಿಸಿದರೂ ಹೀಗೇ ನೋಡು. ಹಳೇ ಸಾಲಿನಲ್ಲಿ 5600ಜಿ ಒಳಗೆ ಗ್ರಾಫಿಕ್ಸ್ ಇದೆ, ಬರೀ 5600ರಲ್ಲಿ ಇಲ್ಲ. 2022ರಲ್ಲಿ ಬಂದ 7000 ಸಾಲಿನಿಂದ ಈಚೆಗೆ ಹೆಚ್ಚಿನವುಗಳಲ್ಲಿ ಇದೆ, 7500ಎಫ್ ತರಹದವನ್ನು ಬಿಟ್ಟು.

ಈ ಒಂದು ಅಕ್ಷರಕ್ಕೆ ನಾನು ಎಷ್ಟು ತೆತ್ತೆ ಅಂತ ನಿನಗೆ ಗೊತ್ತಿಲ್ಲ. ನೀನಾಗ ಚಿಕ್ಕವನು. 2019ರಲ್ಲಿ ನಮ್ಮ ಡಿಟಿಪಿ ಅಂಗಡಿಗೆ ಒಂದು ಸಿಸ್ಟಂ ಹಾಕಿಸಿದೆ. ಐ3 9100ಎಫ್, ಜೊತೆಗೆ ಜಿಟಿ 710 ಅನ್ನುವ ಚಿಕ್ಕ ಕಾರ್ಡ್. ಎಫ್ ಅಂದರೇನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ವರ್ಷ ಚೆನ್ನಾಗೇ ನಡೆಯಿತು. 2021ರ ಲಾಕ್‌ಡೌನ್ ಮುಗಿದು ಮದುವೆ ಪತ್ರಿಕೆಗಳು ಒಂದೊಂದಾಗಿ ಬರಲು ಶುರುವಾದಾಗ ಆ ಕಾರ್ಡ್ ಸತ್ತಿತು. ಫ್ಯಾನ್ ತಿರುಗುತ್ತದೆ, ಕೀಬೋರ್ಡ್ ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಮದರ್‌ಬೋರ್ಡಿನ ಹಿಂದೆ ಎಚ್‌ಡಿಎಂಐ ತೂತು ಇತ್ತಲ್ಲ, ಅದಕ್ಕೆ ಕೇಬಲ್ ಹಾಕಿದೆ. ಏನೂ ಬರಲಿಲ್ಲ. ಒಳಗೆ ಗ್ರಾಫಿಕ್ಸೇ ಇಲ್ಲದ ಮೇಲೆ ಆ ತೂತಿನಿಂದ ಏನು ಬಂದೀತು?

ಆಗ ಕಾರ್ಡುಗಳ ಬೆಲೆ ಆಕಾಶದಲ್ಲಿತ್ತು. ಚಿಪ್‌ಗಳಿಗೆ ಬರ, ಮೇಲೆ ಈಥೀರಿಯಂ ಅನ್ನುವ ಡಿಜಿಟಲ್ ನಾಣ್ಯದ ಮೈನಿಂಗ್ ಮಾಡುವವರು ಕಾರ್ಡುಗಳನ್ನು ಬಾಚಿಕೊಳ್ಳುತ್ತಿದ್ದರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿದರೆ ನಾನು ಮೊದಲು ಕೊಟ್ಟದ್ದಕ್ಕಿಂತ ಜಾಸ್ತಿ ಕೇಳಿದರು, ಅದೂ ಸೆಕೆಂಡ್ ಹ್ಯಾಂಡಿಗೆ. ಮೂರು ಪತ್ರಿಕೆಗಳ ಕೆಲಸ ಹಾರ್ಡ್‌ಡಿಸ್ಕಿನೊಳಗೇ ಕೂತಿತ್ತು. ಕೆಲಸ ಕೊಟ್ಟ ಮನೆಯವರಿಗೆ ಏನು ಹೇಳುವುದು ಅಂತ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಪರಿಚಯದ ಹುಡುಗನೊಬ್ಬ ಎಫ್ ಇಲ್ಲದ ಹಳೇ ಐ3 9100 ತಂದು ಅದೇ ಬೋರ್ಡಿಗೆ ಕೂರಿಸಿದ. ಕಾರ್ಡ್ ಕಿತ್ತಿಟ್ಟು ಆನ್ ಮಾಡಿದ. ಪರದೆ ಬಂತು.

ಆಮೇಲೆ ಆದದ್ದನ್ನು ಗಮನವಿಟ್ಟು ಓದು. ಕಾರ್ಡ್ ತೆಗೆದ ಮೇಲೆ ಯೂಟ್ಯೂಬ್ ಮೊದಲಿಗಿಂತ ಹಗುರವಾಗಿ ಓಡತೊಡಗಿತು. ಫ್ಯಾನಿನ ಸದ್ದೂ ಇಳಿಯಿತು. ಯೂಟ್ಯೂಬ್ ವಿಡಿಯೋಗಳು ಹೆಚ್ಚಾಗಿ ವಿಪಿ9, ಈಗೀಗ ಎವಿ1 ಅನ್ನುವ ರೂಪದಲ್ಲಿ ಬರುತ್ತವೆ. ಅವನ್ನು ಬಿಚ್ಚಿ ತೋರಿಸುವುದಕ್ಕೇ ಗ್ರಾಫಿಕ್ಸ್‌ನಲ್ಲಿ ಒಂದು ಭಾಗ ಇರುತ್ತದೆ. ಜಿಟಿ 710ರಲ್ಲಿ ವಿಪಿ9 ಬಿಚ್ಚುವ ಭಾಗವೇ ಇಲ್ಲ. ಹಾಗಾಗಿ ಎಲ್ಲವನ್ನೂ ಪ್ರೊಸೆಸರ್ ಎಳೆಯುತ್ತಿತ್ತು. ಒಳಗಿನ ಗ್ರಾಫಿಕ್ಸ್‌ಗೆ ಆ ಕೆಲಸ ಬರುತ್ತಿತ್ತು. ನೀನು ಕೊಳ್ಳಬೇಕಾದ 12400ಕ್ಕೆ ಎವಿ1 ಕೂಡ ಬರುತ್ತದೆ. ಆದ್ದರಿಂದ "ದೊಡ್ಡದು ಬೇಡ ಅಂದ್ರೆ ಚಿಕ್ಕ ಕಾರ್ಡ್ ಹಾಕಿಸಿ" ಅಂದರೆ ಅದಕ್ಕೂ ಒಪ್ಪಬೇಡ. ಅದರಿಂದ ಲಾಭ ಇಲ್ಲ, ನಷ್ಟ ಇದೆ.

ನಿಮ್ಮಪ್ಪ ಒಪ್ಪದಿದ್ದರೆ ಅವರ ಮೇಲೆ ಬೇಜಾರಾಗಬೇಡ. ನಮ್ಮ ಕಾಲದಲ್ಲಿ ಡಿಸ್‌ಪ್ಲೇ ಕಾರ್ಡ್ ಬೇರೆಯಾಗಿ ತಂದು ಸ್ಲಾಟಿಗೆ ಸಿಕ್ಕಿಸಲೇಬೇಕಿತ್ತು. 1999ರ ಇಂಟೆಲ್ 810 ಬಂದಾಗ ಗ್ರಾಫಿಕ್ಸ್ ಬೋರ್ಡಿನ ಚಿಪ್‌ಸೆಟ್ಟಿಗೆ ಬಂತು. ಅದು ನಿಜಕ್ಕೂ ನಿಧಾನ, ಪೇಜ್‌ಮೇಕರ್ ಪುಟ ತಿರುಗಿಸಿದರೆ ಕಣ್ಣೆದುರೇ ಗೊತ್ತಾಗುತ್ತಿತ್ತು. ಆ ಕೆಟ್ಟ ಹೆಸರು ಇನ್ನೂ ಹೋಗಿಲ್ಲ. 2011ರ ಸ್ಯಾಂಡಿ ಬ್ರಿಡ್ಜ್ ಅನ್ನುವ ಇಂಟೆಲ್ ಪ್ರೊಸೆಸರ್ ಸಾಲಿನ ಹೊತ್ತಿಗೆ ಗ್ರಾಫಿಕ್ಸ್ ಪ್ರೊಸೆಸರಿನ ಚಿಪ್ಪಿನೊಳಗೇ ಸೇರಿಕೊಂಡಿತು. ಈಗಿನದು ಅದಕ್ಕಿಂತಲೂ ಎಷ್ಟೋ ಮುಂದೆ ಬಂದಿದೆ. ಇಂದಿಗೂ ನಾನು ನುಡಿ, ಕೋರಲ್‌ಡ್ರಾ, ಫೋಟೋಶಾಪ್ ಮೂರನ್ನೂ ಕಾರ್ಡಿಲ್ಲದೆ ನಡೆಸುತ್ತೇನೆ.

ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನದ್ದನ್ನೇ ಹಂಚಿಕೊಳ್ಳುತ್ತದೆ. ಅದಕ್ಕೇ ರ‍್ಯಾಮ್ 16 ಜಿಬಿ ಇರಲಿ, ಒಂದೇ ಕಡ್ಡಿ ಬೇಡ. 8ರ ಎರಡು ಕಡ್ಡಿ ಹಾಕಿಸು. ಎರಡಿದ್ದರೆ ಎರಡು ದಾರಿಯಲ್ಲಿ ಓಡಾಟ ನಡೆಯುತ್ತದೆ, ಗ್ರಾಫಿಕ್ಸ್‌ಗೆ ಅದರಿಂದ ಗೊತ್ತಾಗುವಷ್ಟು ಅನುಕೂಲ. ಪಟ್ಟಿಯಲ್ಲಿ ಈಗ ಒಂದೇ 8 ಇದೆ. ಕಾರ್ಡಿಗೆ ಅಷ್ಟು ಕೊಟ್ಟು ರ‍್ಯಾಮಿನಲ್ಲಿ ಕೈ ಬಿಗಿ ಹಿಡಿದಿದ್ದಾರೆ, ನನಗೆ ಬೇಸರವಾದದ್ದು ಅದಕ್ಕೇ. ಮುಂದೆ 4ಕೆ ಟಿವಿಗೆ ಹಾಕುವ ಯೋಚನೆ ಇದ್ದರೆ ಬೋರ್ಡಿನ ಎಚ್‌ಡಿಎಂಐ ಎಷ್ಟನೆಯದು ಅಂತ ಕೇಳು. 1.4 ಆದರೆ 4ಕೆ ಸೆಕೆಂಡಿಗೆ 30 ಸಲ ಮಾತ್ರ ಬರುತ್ತದೆ, ಮೌಸಿನ ಬಾಣವೇ ತಡವರಿಸುತ್ತದೆ. 2.0 ಇರಬೇಕು.

ಕಾರ್ಡ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. 3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ದಿನವಿಡೀ ಕೆಲಸ ಮಾಡುವವರಿಗೆ, ದೊಡ್ಡ ವಿಡಿಯೋಗಳನ್ನು ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುವವರಿಗೆ ಬೇಕು. ತಂಗಿ ಮುಂದೆ ಆರ್ಕಿಟೆಕ್ಚರ್ ಸೇರಿದರೆ ಅವಳಿಗೂ ಬೇಕಾದೀತು. ನೀನು ಮೆಷಿನ್ ಲರ್ನಿಂಗ್ ಕಲಿಯುವ ಆಸೆ ಹೇಳಿದ್ದೆ. ಒಳ್ಳೆಯದು, ಕಲಿ. ಶುರುವಿಗೆ ಇಂಟರ್ನೆಟ್ಟಿನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಒಂದು ಮಿತಿಯೊಳಗೆ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಪುಕ್ಕಟೆ ಸಿಗುತ್ತದೆ. ಅಲ್ಲಿ ನಿಜವಾಗಿ ಸಾಲದೆ ಬಂದ ದಿನ ಕಾರ್ಡ್ ತರೋಣ, ನಾನೂ ದುಡ್ಡು ಹಾಕುತ್ತೇನೆ. ಬೋರ್ಡಿನಲ್ಲಿ ಉದ್ದ ಸ್ಲಾಟ್ ಖಾಲಿ ಇರಲಿ, ಒಳಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಮಾತ್ರ ಈಗಲೇ ಒಳ್ಳೆ ಕಂಪನಿಯದು, 500 ವಾಟ್‌ನದು ಹಾಕಿಸು. ಆಮೇಲೆ ಕ್ಯಾಬಿನೆಟ್ ಬಿಚ್ಚಿ ಕಾರ್ಡ್ ಸಿಕ್ಕಿಸಿದರೆ ಆಯಿತು.

ಉಳಿದ ದುಡ್ಡಿನಲ್ಲಿ ಮೊದಲು ಯುಪಿಎಸ್ ತೆಗೆದುಕೋ. ತೀರ್ಥಹಳ್ಳಿಯ ಮಳೆಗಾಲ ನಿನಗೆ ಗೊತ್ತೇ ಇದೆ, ಗುಡುಗಿಗೆ ಮೊದಲೇ ಕರೆಂಟು ಹೋಗುತ್ತದೆ. ಆ ಕಾರ್ಡ್ ಪೂರ್ತಿ ಓಡಿದರೆ ಅದೊಂದೇ 130 ವಾಟ್ ಎಳೆಯುತ್ತದೆ. ಅದಿಲ್ಲದ ಸಿಸ್ಟಂ ಆದರೆ ಸಾಧಾರಣ 600 ವಿಎ ಯುಪಿಎಸ್ಸೇ ಸಾಕು, ನಿಮ್ಮಪ್ಪ ಟ್ಯಾಲಿ ಮುಚ್ಚಿ ಸರಿಯಾಗಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಆಮೇಲೆ ಎಸ್‌ಎಸ್‌ಡಿ 1 ಟಿಬಿ, ಕಣ್ಣಿಗೆ ಹಿತವಾದ ಮಾನಿಟರ್. ನಿಮ್ಮಮ್ಮನಿಗೆ ಚಿಕ್ಕ ಅಕ್ಷರ ಕಾಣುವುದಿಲ್ಲ, ಅದನ್ನು ಮರೆಯಬೇಡ.

ಹೊಸ ಕೊಟೇಶನ್ ಬರೆಸಿಕೊಂಡು ಫೋಟೋ ಕಳಿಸು. ನಾನು ನೋಡಿ ಹೇಳುವವರೆಗೆ ಅಡ್ವಾನ್ಸ್ ಕೊಡಬೇಡ. ಭಾನುವಾರ ಸಂಜೆ ಮನೆಯಲ್ಲೇ ಇರುತ್ತೇನೆ, ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ