ಉತಾಯಿ ಕಲಿಯಲು ಹೊರಟ ಮೇಘನಾಳಿಗೆ

ಚಿ. ಸೌ. ಮೇಘನಾಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಜಪಾನಿನ ನೋ ನಾಟಕದ ಹಾಡುಗಾರಿಕೆಯಾದ ಉತಾಯಿಯನ್ನು ಹವ್ಯಾಸಕ್ಕಾಗಿ ಕಲಿಯಬೇಕೆಂದು ಬರೆದಿದ್ದೀಯೆ. ಕ್ಯೋಟೋದಲ್ಲಿ ಇದ್ದುಕೊಂಡು ಕಲಿಯದಿದ್ದರೆ ಇನ್ನೆಲ್ಲಿ ಕಲಿಯುತ್ತೀಯೆ, ಖಂಡಿತ ಸೇರು. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಹಾಡಿದವಳು, ಬೇಗ ಬರುತ್ತದೆ ಎಂದುಕೊಂಡಿರಬಹುದು. ಮೊದಲ ವರ್ಷ ನಿನ್ನ ಕಾಲಿಗೆ ತೊಡರುವುದು ಆ ಅಭ್ಯಾಸವೇ.

ಗುರುಗಳನ್ನು ಹುಡುಕುವ ಮೊದಲು ಪಂಥ ನೋಡಿಕೊ. ಮುಖ್ಯ ಪಾತ್ರಧಾರಿಗಳ ಪಂಥಗಳು ಐದು: ಕಾನ್ಜೆ, ಹೋಶೋ, ಕೊಂಪಾರು, ಕೊಂಗೋ, ಕಿತಾ. ಒಂದೇ ಹಾಡಿಗೆ ಒಂದೊಂದು ಪಂಥದಲ್ಲಿ ಪಾಠಭೇದವಿದೆ, ಪುಸ್ತಕದ ಗುರುತುಗಳೂ ಬೇರೆ. ನಿನ್ನ ಊರಿನಲ್ಲಿ ಕಾನ್ಜೆಯವರ ರಂಗಮಂದಿರ ಒಕಾಜಾಕಿ ಕಡೆ ಇದೆ, ಕೊಂಗೋದವರದು ಅರಮನೆಯ ಪಕ್ಕದಲ್ಲಿ. ಎರಡು ಕಡೆಯೂ ಪ್ರದರ್ಶನ ನೋಡಿ, ಯಾರ ದನಿ ಕಿವಿಗೆ ಹಿಡಿಸಿತೋ ಅಲ್ಲಿಗೆ ಹೋಗು. ಪುಸ್ತಕವನ್ನು ಮಾತ್ರ ಗುರುಗಳು ಹೇಳಿದ ಮೇಲೆಯೇ ಕೊಳ್ಳಬೇಕು. ಹಳೆ ಪುಸ್ತಕದಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಪಂಥದ್ದನ್ನು ತಂದರೆ ಅದು ಕಪಾಟಿಗೇ ಸರಿ.

ಪುಸ್ತಕ ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓಡುತ್ತದೆ. ಅಕ್ಷರಗಳ ಬಲಕ್ಕೆ ಎಳ್ಳಿನಷ್ಟು ಸಣ್ಣ ಗೆರೆಗಳಿರುತ್ತವೆ, ಅವುಗಳ ಹೆಸರೂ 'ಗೋಮಾ', ಎಳ್ಳೇ. ಉಚ್ಚಾರಕ್ಕೊಂದು ಎಳ್ಳು. ಮೇಲು, ನಡು, ಕೆಳ ಎಂಬ ಸ್ಥಾನಗಳಿಗೂ, ಏರಿಸು, ಸುತ್ತಿಸು, ಎಳೆ ಎಂಬ ಸೂಚನೆಗಳಿಗೂ ಪುಟ್ಟ ಗುರುತುಗಳಿವೆ. ಆದರೆ ಇದು ನಮ್ಮ ಸ್ವರಲಿಪಿಯ ಹಾಗಲ್ಲ, ನೋಡಿ ಹಾಡಲು ಬರುವುದಿಲ್ಲ. ಕೇಳಿ ಕಲಿತದ್ದನ್ನು ನೆನಪಿಸುವುದಕ್ಕಷ್ಟೇ. ಹಳೆಯ ಕಾಗುಣಿತ ಬೇರೆ ಇರುತ್ತದೆ: 'ಕೆಫು' ಎಂದು ಬರೆದದ್ದನ್ನು 'ಕ್ಯೋ' ಎಂದು ಹಾಡಬೇಕು. ತರಗತಿಯಲ್ಲೇ ಪೆನ್ಸಿಲ್ಲಿನಲ್ಲಿ ಓದುವ ಬಗೆ ಬರೆದುಕೊ, ಪೆನ್ನು ಬೇಡ.

ಪಾಠ ನಡೆಯುವುದು ಗಿಳಿಪಾಠದಂತೆ. ಗುರುಗಳು ಒಂದು ಸಾಲು ಹಾಡುತ್ತಾರೆ, ನೀನು ತಿರುಗಿ ಹಾಡಬೇಕು. ಧ್ವನಿಮುದ್ರಿಸಿಕೊಳ್ಳಬಹುದೇ ಎಂದು ಮೊದಲ ದಿನವೇ ಕೇಳಿಬಿಡು, ಕೆಲವರು ಒಪ್ಪುವುದಿಲ್ಲ. ಒಪ್ಪಿದರೂ ಅದನ್ನು ಹಾಕಿಕೊಂಡು ಜೊತೆಯಲ್ಲಿ ಗುನುಗಬೇಡ. ಕೇಳು, ನಿಲ್ಲಿಸು, ಒಬ್ಬಳೇ ಹಾಡು, ಆಮೇಲೆ ಮತ್ತೆ ಕೇಳಿ ಹೋಲಿಸಿ ನೋಡು.

ಈಗ ದನಿಯ ವಿಷಯ. ಹಾಡುವ ಬಗೆ ಎರಡು. ಯೋವಾಗಿನ್ ಎಂಬುದರಲ್ಲಿ ಸ್ಥಾನಗಳು ಸ್ಪಷ್ಟ: ನಡುವಿನದನ್ನು ಷಡ್ಜ ಎಂದಿಟ್ಟುಕೊಂಡರೆ ಮೇಲಿನದು ಸುಮಾರು ಶುದ್ಧ ಮಧ್ಯಮ, ಕೆಳಗಿನದು ಸುಮಾರು ಮಂದ್ರ ಪಂಚಮ. ಮೇಲಿನಿಂದ ನಡುವಿಗೆ ಇಳಿಯುವಾಗ ಸಾಮಾನ್ಯವಾಗಿ ನೇರ ಇಳಿಯುವುದಿಲ್ಲ, ಮೊದಲು ತುಸು ಮೇಲೇರಿ ಆಮೇಲೆ ಇಳಿಯುತ್ತಾರೆ. ನೀನು ಅಲ್ಲೊಂದು ಜಾರು ಹಾಕಿ ಅಂದಗೊಳಿಸಲು ಹೋಗುತ್ತೀಯೆ, ಹಾಕಬೇಡ. ತ್ಸುಯೋಗಿನ್ ಎಂಬುದು ಇನ್ನೊಂದು ಲೋಕ. ಅದರಲ್ಲಿ ಮೇಲು, ನಡು ಎಂದು ಬರೆದಿದ್ದರೂ ಎತ್ತರ ಒಂದೇ. ಒಟ್ಟು ಹರವೇ ಷಡ್ಜದಿಂದ ಸಾಧಾರಣ ಗಾಂಧಾರದಷ್ಟು, ಅದೂ ಖಚಿತವಲ್ಲ. ವ್ಯತ್ಯಾಸವೆಲ್ಲ ಉಸಿರಿನ ಒತ್ತಡದಲ್ಲಿ. ಆ ಒತ್ತಡಕ್ಕೆ ದನಿ ತಾನಾಗಿ ನಡುಗುತ್ತದೆ. ಅದನ್ನು ಗಂಟಲಿನಿಂದ ಕಂಪಿತ ಮಾಡಿದರೆ ನಾಲ್ಕು ಸಾಲಿಗೆ ಗಂಟಲು ಕಟ್ಟಿಕೊಳ್ಳುತ್ತದೆ.

ಕಾನ್ಜೆಯಲ್ಲಿ ಹೊಸಬರಿಗೆ 'ತ್ಸುರುಕಾಮೆ' ಎಂಬ ಪುಟ್ಟ ಮಂಗಳ ಕೃತಿಯಿಂದ ಶುರುಮಾಡಿಸುವುದುಂಟು. ಅದರಲ್ಲಿ ಹೆಚ್ಚಿನದು ತ್ಸುಯೋಗಿನ್. ನಿನಗೆ ಅದೇ ಒಳ್ಳೆಯದು ಎನ್ನುತ್ತೇನೆ, ಹಿಡಿದುಕೊಳ್ಳಲು ಸ್ವರವೇ ಸಿಗದಿದ್ದರೆ ಉಸಿರಿನ ಕಡೆ ಗಮನ ಹೋಗುತ್ತದೆ. ಶ್ರುತಿಪೆಟ್ಟಿಗೆ ಹಾಕಲೇಬೇಡ. ಇಲ್ಲಿ ಆಧಾರ ಶ್ರುತಿ ಇಲ್ಲ. ಗುಂಪಿನಲ್ಲಿ ಹಾಡುವಾಗ ಮುಂದಾಳು ಎತ್ತಿದ್ದೇ ಎತ್ತರ. ಗುರುಗಳು ಗಂಡಸಾದರೆ ಅವರ ಎತ್ತರಕ್ಕೆ ಇಳಿಯಲು ಒದ್ದಾಡಬೇಡ, ನಿನ್ನ ಮಾತಿನ ದನಿಯ ತಗ್ಗಿನಲ್ಲಿ ಹಾಡು. ಕೀರಲು ಮೇಲ್ದನಿ ಮಾತ್ರ ಸಲ್ಲದು.

ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಸಾಕು. ಒಂದು ಪುಟ ತೆಗೆದುಕೊ. ಮೊದಲು ರಾಗವಿಲ್ಲದೆ, ಒಂದೇ ಎತ್ತರದಲ್ಲಿ, ಪ್ರತಿ ಉಚ್ಚಾರಕ್ಕೂ ಸಮ ಕಾಲ ಕೊಟ್ಟು ಗಟ್ಟಿಯಾಗಿ ಓದು. ಪದದ ಕೊನೆಯ 'ನ್' ಕೂಡ ಪೂರ್ತಿ ಒಂದು ಮಾತ್ರೆ. ಆಮೇಲೆ ಏರಿಳಿತ ಸೇರಿಸು, ಸುತ್ತುಗಳನ್ನು ಕೊನೆಗೆ. ಗದ್ದ ಒಳಕ್ಕಿರಲಿ, ಬಾಯಿ ಅಗಲ ತೆರೆಯಬೇಡ, ಹೊಟ್ಟೆಯ ಕೆಳಭಾಗ ಬಿಗಿಯಾಗಿರಲಿ. ಕನ್ನಡದ ನಾಲಿಗೆ 'ಎ'ಯನ್ನು 'ಯೆ' ಮಾಡಿಬಿಡುತ್ತದೆ, ಅದನ್ನು ಮೊದಲ ತಿಂಗಳಲ್ಲೇ ಬಿಡಿಸಿಕೊ. ನಡುವೆ ಬರುವ ಮಾತಿನ ಭಾಗ ಸುಲಭ ಎಂದು ಹಾರಿಸಬೇಡ. ಹಾಡಿಗಿಂತ ಅದೇ ಕಷ್ಟ.

ತಾಳ ಹಾಕುವ ಕೈಯನ್ನೂ ಕಟ್ಟಿಹಾಕಬೇಕು. ಇಲ್ಲಿಯೂ ಎಂಟು ಪೆಟ್ಟಿನ ಆವರ್ತ, ಆದರೆ ಆದಿತಾಳವಲ್ಲ. ಬಹುಪಾಲು ಸಾಹಿತ್ಯ ಏಳು ಮತ್ತು ಐದು, ಒಟ್ಟು 12 ಉಚ್ಚಾರ. ಅದನ್ನು ಎಂಟು ಪೆಟ್ಟಿಗೆ ಹೊಂದಿಸಲು ಏಳರ ಭಾಗದಲ್ಲಿ 1, 4, 7ನೆಯದನ್ನು ಎಳೆಯುತ್ತಾರೆ, ಸಾಲಿನ ಎತ್ತುಗಡೆ, ಎಂದರೆ ಹಾಡು ಶುರುವಾಗುವ ಜಾಗ, ಹಲವು ಸಲ ಮೊದಲ ಪೆಟ್ಟಿಗಿಂತ ಮುಂಚೆಯೇ ಬರುತ್ತದೆ. ಇದೆಲ್ಲ ಡೋಲು, ಕೊಳಲು ಸೇರಿದಾಗಿನ ಮಾತು. ವಾದ್ಯವಿಲ್ಲದೆ ಹಾಡುವ ಸು-ಉತಾಯಿಯಲ್ಲಿ ಎಳೆತವಿಲ್ಲದೆ ಸಮವಾಗಿ ಸಾಗುವುದೇ ರೂಢಿ. ಲೆಕ್ಕಾಚಾರವನ್ನು ಗುರುಗಳು ತಾವಾಗಿ ಎತ್ತುವವರೆಗೆ ನೀನು ಎತ್ತಬೇಡ.

ಕೂರುವುದು ಸೇಜಾ, ಮಂಡಿಯೂರಿ ಹಿಮ್ಮಡಿಯ ಮೇಲೆ. ನಮ್ಮ ಚಕ್ಕಂಬಕ್ಕಲ ಇಲ್ಲಿ ನಡೆಯುವುದಿಲ್ಲ. ದಿನಾ ಐದು ನಿಮಿಷದಿಂದ ಶುರುಮಾಡಿ ಹೆಚ್ಚಿಸು. ಕಾಲು ಜೋಮು ಹಿಡಿದಾಗ ದಡಕ್ಕನೆ ಏಳಬೇಡ, ಮುಗ್ಗರಿಸುತ್ತೀಯೆ. ಕಾಲ್ಬೆರಳುಗಳನ್ನು ಮಡಿಸಿ ಊರಿ, ರಕ್ತ ಹರಿಯುವವರೆಗೆ ಕಾಯಿ. ಮಂಡಿ ನೋವಿದ್ದರೆ ಸಣ್ಣ ಮಣೆ ಸಿಗುತ್ತದೆ, ಕೇಳಲು ಸಂಕೋಚ ಬೇಡ. ಮಡಿಸಿದ ಬೀಸಣಿಗೆ ಮುಂದಿರುತ್ತದೆ. ಹಾಡುವಾಗ ಬಲಗೈಗೆ, ಮುಗಿದಾಗ ಕೆಳಗೆ. ಬಿಳಿ ಕಾಲುಚೀಲ ಒಯ್ಯಿ.

ತಿಂಗಳ ಶುಲ್ಕವನ್ನು ಲಕೋಟೆಯಲ್ಲಿ, ಗರಿ ಮುರಿಯದ ನೋಟಿನಲ್ಲಿ ಕೊಡಬೇಕು. ಶಿಷ್ಯರೆಲ್ಲ ಹಾಡುವ ಗೋಷ್ಠಿ ಬಂದಾಗ ಭಾಗವಹಿಸುವ ಹಣ, ಗುರುಕಾಣಿಕೆ, ಕಿಮೋನೊ ಎಂದು ಬೇರೆ ಖರ್ಚು ಬೀಳುತ್ತದೆ. ಗುರುಗಳನ್ನು ಕೇಳಲು ಮುಜುಗರವಾದರೆ ಹಿರಿಯ ಶಿಷ್ಯೆಯೊಬ್ಬರನ್ನು ಮೊದಲೇ ಕೇಳಿಟ್ಟುಕೊ. ಮೊದಲ ಗೋಷ್ಠಿಗೆ ಒಂಟಿಯಾಗಿ ಹಾಡು ಎಂದರೂ, ಗುಂಪಿನಲ್ಲೇ ಕೂರುತ್ತೇನೆ ಎಂದು ಕೇಳಿಕೊ. ಪಕ್ಕದವರು ಉಸಿರು ಎಲ್ಲಿ ತೆಗೆಯುತ್ತಾರೆಂದು ಅಲ್ಲಿಯೇ ಗೊತ್ತಾಗುವುದು.

ಅಮ್ಮನಿಗೆ ಫೋನ್ ಮಾಡುತ್ತಿರು.

ಇತಿ,
ನಿನ್ನ ಅತ್ತೆ