ನಾಳೆ ‘ಬುದ್ಧಿ’ ಆಗುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಶ್ರಾವಣದಲ್ಲಿ ಮಠದ ಸ್ವಾಮಿಯಾಗಿ ನಿನ್ನ ಪಟ್ಟಾಧಿಕಾರ ಅಂತ ಶಿಕಾರಿಪುರದ ಕಡೆಯೆಲ್ಲ ಸುದ್ದಿ. ಆಮೇಲೆ ನಾಲ್ಕು ಜನರ ಎದುರು ನಿನ್ನನ್ನು ‘ಬುದ್ಧಿ’ ಅನ್ನಬೇಕು, ‘ತಾವು’ ಅನ್ನಬೇಕು. ಅನ್ನುತ್ತೇನೆ, ತಕರಾರಿಲ್ಲ. ಈ ಪತ್ರದಲ್ಲಿ ಮಾತ್ರ ನೀನು ನೀನೇ. ‘ಇದನ್ನು ಎಲ್ಲರೂ ಓದುವ ಕಡೆ ಹಾಕು, ನಾಳೆ ನಾನು ದಾರಿ ತಪ್ಪಿದರೆ ಜನ ಕೇಳಲಿ’ ಅಂತ ನೀನೇ ಹೇಳಿದೆಯಲ್ಲ, ಹಾಕುತ್ತಿದ್ದೇನೆ.

ಅಡ್ಡಪಲ್ಲಕ್ಕಿ, ಫ್ಲೆಕ್ಸು, ಹಾರ ತುರಾಯಿ ಇದರ ಬಗ್ಗೆ ನನಗೇನೂ ಚಿಂತೆಯಿಲ್ಲ. ಚಿಂತೆ ಮೈಕಿನದು. ಪೀಠದ ಮೇಲೆ ಕೂತವರ ಬಾಯಿಂದ ಬಂದದ್ದೆಲ್ಲ ಜನಕ್ಕೆ ಶರಣರ ಮಾತೇ. ವಚನ ಎಲ್ಲಿಗೆ ಮುಗಿಯಿತು, ಸ್ವಾಮಿಗಳ ಸ್ವಂತ ಮಾತು ಎಲ್ಲಿಂದ ಶುರುವಾಯಿತು ಅಂತ ಯಾರು ನೋಡುತ್ತಾರೆ? ಅದನ್ನು ನೀನೇ ಬಿಡಿಸಿ ಹೇಳಬೇಕು.

ನಮ್ಮ ಕಡೆ ಒಂದೂರಲ್ಲಿ ಕಾಡಾನೆ ನುಗ್ಗಿ ಬಾಳೆ, ಅಡಿಕೆ ಎಲ್ಲ ಮುರಿದು ಹಾಕಿತ್ತು. ಅದೇ ವಾರ ಅಲ್ಲೊಂದು ಪ್ರವಚನ. ಬಂದವರು ಅಕ್ಕಮಹಾದೇವಿಯ ಬೆಟ್ಟದ ಮೇಲಿನ ಮನೆಯ ವಚನ ರಾಗವಾಗಿ ಹೇಳಿದರು. ಬೆಟ್ಟದ ಮೇಲೆ ಮನೆ ಕಟ್ಟಿದ ಮೇಲೆ ಮೃಗಗಳಿಗೆ ಹೆದರಿದರೆ ಹೇಗೆ, ಧೈರ್ಯ ಇರಲಿ ಅಂದು ಮುಗಿಸಿದರು. ಮುಂದೆ ಕೂತಿದ್ದ ತೋಟದ ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಹೋಗದೆ ಇನ್ನೇನು ಮಾಡ್ತಾರೆ! ಅಕ್ಕ ಹೇಳಿದ್ದು ಅದಲ್ಲವೇ ಅಲ್ಲ. ಬೆಟ್ಟ, ಸಮುದ್ರದ ದಡ, ಸಂತೆ ಮೂರೂ ಆದ ಮೇಲೆ ಅವಳು ಅಸಲು ಮಾತಿಗೆ ಬರುತ್ತಾಳೆ. ಲೋಕದಲ್ಲಿ ಹುಟ್ಟಿದ ಮೇಲೆ ಹೊಗಳಿಕೆ ತೆಗಳಿಕೆ ಬಂದರೆ ಕೋಪ ಮಾಡಿಕೊಳ್ಳದೆ ಸಮಾಧಾನವಾಗಿರಬೇಕು ಅನ್ನುತ್ತಾಳೆ. ಆ ಕೊನೆಯ ಸಾಲು ಬಿಟ್ಟರೆ ವಚನವೇ ಬೇರೆಯಾಗುತ್ತದೆ. ಹಾಗೆ ನೋಡಿದರೆ ಅದನ್ನು ಕೇಳಿಸಿಕೊಳ್ಳಬೇಕಾದವರು ತೋಟ ಕಳೆದುಕೊಂಡವರಲ್ಲ, ದಿನಾ ಹಾರ ಹಾಕಿಸಿಕೊಳ್ಳುವವರು. ನಿನಗೇ ಹೇಳ್ತಿರೋದು.

ಇನ್ನು ವಾಟ್ಸಾಪು. ಯಾರೋ ಬರೆದ ಸುಭಾಷಿತದ ಕೊನೆಗೆ ‘ಕೂಡಲಸಂಗಮದೇವ’ ಅಂಟಿಸಿದರೆ ಸಾಕು, ಬಸವಣ್ಣನ ವಚನ ತಯಾರು. ಭಕ್ತರು ನಿನಗೂ ಕಳಿಸುತ್ತಾರೆ. ನೋಡದೆ ವೇದಿಕೆಗೆ ಒಯ್ಯಬೇಡ. ಸರ್ಕಾರ 1993ರಲ್ಲಿ ತಂದ ಸಮಗ್ರ ವಚನ ಸಂಪುಟ ಇದೆ, ಒಟ್ಟು 15, ಪ್ರಧಾನ ಸಂಪಾದಕರು ಎಂ.ಎಂ. ಕಲಬುರ್ಗಿ. ಮಠದ ಬೀರುವಿನಲ್ಲಿ ಇದ್ದೇ ಇರುತ್ತದೆ, ಧೂಳು ಹೊಡೆಸಿ ಕೈಗೆ ಸಿಗುವ ಕಡೆ ಇಡಿಸು.

ಅಂಕಿತ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರು, ಸಣ್ಣ ವಿಷಯವಲ್ಲ. ಬಸವಣ್ಣನ ಅಂಕಿತ ಬದಲಿಸಿ ಅಚ್ಚು ಹಾಕಿದ ಪುಸ್ತಕವನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2017ರಲ್ಲಿ ಅಲ್ಲೂ ಸರ್ಕಾರದ ಆದೇಶವೇ ನಿಂತಿತು. ಬದಲಿಸಿದವರಿಗೆ ಬಸವಣ್ಣನ ಮೇಲೆ ಭಕ್ತಿ ಕಡಿಮೆ ಇತ್ತು ಅಂತ ಯಾರೂ ಹೇಳಲಾರರು. ಭಕ್ತಿ ಜಾಸ್ತಿಯಾದಾಗಲೇ ತಿದ್ದುವ ಆಸೆ ಬರೋದು, ಅಲ್ವಾ?

ಅಲ್ಲಮನ ಬೆಡಗಿನ ವಚನ, ಆ ಒಗಟಿನಂಥದ್ದು, ಬಂದರೆ ಏನು ಮಾಡ್ತೀಯ ಅಂತ ನಾನು ಕೇಳಿದಾಗ ನೀನು ‘ಸುಮ್ನೆ ಹಾರಿಸಿಬಿಡೋದು’ ಅಂದು ನಕ್ಕಿದ್ದೆ. ಹಾರಿಸಬೇಡ ಮಾರಾಯ. ಹಿಂದಿನ ಟೀಕಾಕಾರರು ವಚನವನ್ನು ಇದ್ದ ಹಾಗೇ ಬರೆದು, ತಮ್ಮ ಅರ್ಥವನ್ನು ಕೆಳಗೆ ಟೀಕೆ ಅಂತ ಬೇರೆಯಾಗಿ ಬರೆದರು. ನೀನೂ ವಚನ ಪೂರ್ತಿ ಓದು, ಒಂದು ಗಳಿಗೆ ತಡೆ, ‘ನನಗೆ ತಿಳಿದಿದ್ದು ಇಷ್ಟು’ ಅಂತ ಶುರು ಮಾಡು. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನು. ಬುದ್ಧಿಯವರಿಗೇ ಗೊತ್ತಿಲ್ಲವಂತೆ ಅಂತ ಜನ ಒಂದು ವಾರ ಆಡಿಕೊಂಡಾರು. ಆಡಿಕೊಳ್ಳಲಿ.

ಪಟ್ಟಕ್ಕೆ ಮೊದಲು ಬಳ್ಳಿಗಾವಿಗೊಮ್ಮೆ ಹೋಗಿ ಬಾ, ಶಿರಾಳಕೊಪ್ಪದ ಪಕ್ಕದಲ್ಲೇ. ಅಲ್ಲಿ ಕಾಳಾಮುಖರು ಅನ್ನುವ ಹಳೇ ಶೈವ ಪಂಥದವರ ಕೋಡಿಯ ಮಠ ಇತ್ತು. ಅದನ್ನು ವರ್ಣಿಸುವ 1162ರ ಶಾಸನ ಓದು. ಅನ್ನ ಹಾಕುವ ಜಾಗ, ರೋಗಿಗಳಿಗೆ ಔಷಧಿ ಕೊಡುವ ಜಾಗ ಅನ್ನುವುದರ ಜೊತೆಗೆ ಏನೇನು ಓದಿಸುತ್ತಿದ್ದರು ಅನ್ನುವ ಪಟ್ಟಿಯೂ ಇದೆ. ಶೈವ ಮಠ, ಆದರೂ ಪಟ್ಟಿಯಲ್ಲಿ ಬೌದ್ಧ ದರ್ಶನ ಸೇರಿದೆ. ಈಗ ಪಕ್ಕದ ಮಠದ ಪುಸ್ತಕ ಇಟ್ಟುಕೊಂಡರೇ ದೊಡ್ಡದು.

ನಿನ್ನ ಮೊದಲ ಪ್ರವಚನಕ್ಕೆ ಬರುತ್ತೇನೆ. ಹಿಂದಿನ ಸಾಲಲ್ಲಿ ಕೂರುತ್ತೇನೆ, ಸಂಪುಟ ಕೈಯಲ್ಲೇ ಇರುತ್ತದೆ. ಮುಗಿದ ಮೇಲೆ ಪಾದ ಮುಟ್ಟುವ ಸಾಲಿನಲ್ಲಿ ನಿಲ್ಲಿಸಬೇಡ, ಒಳಗೆ ಕರೆದು ಕಾಫಿ ಕೊಡಿಸು.

ನಿನ್ನ,
ಹಳೇ ಗೆಳೆಯ