ಅಕ್ಕನಿಗೆ, ಆ ಬೆಳಗಿನ ಬಗ್ಗೆ

ಟಾರನ್ಸ್, ಕ್ಯಾಲಿಫೋರ್ನಿಯಾ
11 ಜೂನ್ 2024

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ, ಮಳೆ ಹಿಡೀತಾ, ತೋಟಕ್ಕೆ ನೀರು ಸಾಕಾಗ್ತಿದೆಯಾ ಅನ್ನೋದನ್ನೆಲ್ಲ ಭಾನುವಾರ ಫೋನಿನಲ್ಲಿ ಕೇಳ್ತೀನಿ. ಈ ಕಾಗದ ಬೇರೆ ವಿಷಯಕ್ಕೆ, ಅಮ್ಮ ಹೋದ ಆ ಬೆಳಗಿನ ಬಗ್ಗೆ. ಫೋನಿನಲ್ಲಿ ಇದನ್ನ ಶುರು ಮಾಡಿದರೆ ಇಬ್ಬರಲ್ಲಿ ಒಬ್ಬರು ಮಾತು ತಿರುಗಿಸಿಬಿಡ್ತೀವಿ.

ರಾತ್ರಿ ಊಟ ಆದಮೇಲೆ ನಾನೂ ಪುಟ್ಟಿಯೂ ಒಂದು ಸೀರಿಯಲ್ ನೋಡ್ತೀವಿ ಅಂತ ಹೇಳಿದ್ದೆನಲ್ಲ, ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಅಂತ. ಹಳೆಯದು, 1997ರಿಂದ 2003ರವರೆಗೆ ಬಂದದ್ದು. ಪುಟ್ಟಿಯ ಬಸ್ಸು ದಿನಾ ಹಾದುಹೋಗುವ ಟಾರನ್ಸ್ ಹೈಸ್ಕೂಲಿನ ಹೊರಗಡೆಯೇ ಅದರಲ್ಲಿ ಸನ್ನಿಡೇಲ್ ಹೈಸ್ಕೂಲ್ ಆಗಿ ಕಾಣಿಸುತ್ತೆ. ಅದಕ್ಕೇ ಅವಳು ಹಟ ಹಿಡಿದು ನೋಡೋಕೆ ಕೂರಿಸಿದ್ದು. ಒಟ್ಟು 144 ಎಪಿಸೋಡು. ಫೆಬ್ರವರಿಯಿಂದ ವಾರಕ್ಕೆ ಐದು ರಾತ್ರಿಯಂತೆ ನೋಡುತ್ತಾ ಹೋದ ಬುಧವಾರ 94ನೆಯದಕ್ಕೆ ಬಂದೆವು.

ಕಥೆ ಏನಪ್ಪಾ ಅಂದರೆ, ಸನ್ನಿಡೇಲ್ ಅನ್ನೋ ಊರಿನ ಕೆಳಗೇ ನರಕದ ಬಾಯಿ ಇದೆ. ಸತ್ತು ಎದ್ದು ಬಂದು ರಕ್ತ ಹೀರುವ ಪಿಶಾಚಿಗಳನ್ನ ಕೊಲ್ಲೋದು ಬಫಿ ಅನ್ನೋ ಹುಡುಗಿಯ ಹಣೆಬರಹ. ಮನೆಯವರು ಒಳಗೆ ಬಾ ಅಂತ ಕರೆಯದೆ ಆ ಪಿಶಾಚಿ ಹೊಸಿಲು ದಾಟೋ ಹಾಗಿಲ್ಲ. ಇದನ್ನ ಮೊದಲ ಸಲ ಕೇಳಿದ ರಾತ್ರಿ ನನಗೆ ನಮ್ಮ ಬಾಗಿಲು ಕಣ್ಣಿಗೆ ಕಟ್ಟಿತು. ತೊಂಬತ್ತರ ದಶಕದಲ್ಲಿ ಎಲ್ಲರ ಮನೆ ಬಾಗಿಲ ಮೇಲೂ ‘ನಾಳೆ ಬಾ’ ಬರೆದಾಗ, ನೀನು ಸ್ಟೂಲ್ ಹತ್ತಿ ಸೀಮೆಸುಣ್ಣದಲ್ಲಿ ಬರೆದೆ, ಅಮ್ಮ ಸ್ಟೂಲಿನ ಕಾಲು ಹಿಡಿದು ನಿಂತಿದ್ದಳು. ದೆವ್ವ ಮನೆಯವರ ದನಿಯಲ್ಲೇ ಕೂಗುತ್ತೆ, ಓಗೊಡಬೇಡಿ ಅಂತ ನಮ್ಮಿಬ್ಬರಿಗೂ ಹೇಳಿದ್ದಳು.

ಈ 94ನೆಯ ಎಪಿಸೋಡಿನ ಹೆಸರು ‘ದಿ ಬಾಡಿ’. ಮೊದಲು ತೋರಿಸಿದ್ದು 2001ರ ಫೆಬ್ರವರಿ 27ಕ್ಕೆ. ಬರೆದು ನಿರ್ದೇಶಿಸಿದ್ದು ಜಾಸ್ ವೀಡನ್, ಸೀರಿಯಲ್ ಶುರು ಮಾಡಿದವನೇ. ಬಫಿ ಬೆಳಗ್ಗೆ ಮನೆಗೆ ಬರ್ತಾಳೆ. ಮೇಜಿನ ಮೇಲೆ ಅವಳ ಅಮ್ಮ ಜಾಯ್ಸ್‌ಗೆ ಯಾರೋ ಕಳಿಸಿದ ಹೂವು. ಅಮ್ಮ ಸೋಫಾದ ಮೇಲೆ ಬಿದ್ದಿದ್ದಾಳೆ, ಕಣ್ಣು ತೆರೆದೇ ಇದೆ. ಮೂರು ಸಲ ಅಮ್ಮನನ್ನ ಕೂಗ್ತಾಳೆ. ಮೂರನೆಯ ಸಲ ಆ ದನಿ ಎಳೆ ಮಗುವಿನದಾಗುತ್ತೆ. ಕೆಲವು ತಿಂಗಳ ಹಿಂದೆ ಜಾಯ್ಸ್‌ಗೆ ಮೆದುಳಿನ ಗಡ್ಡೆಯ ಆಪರೇಷನ್ ಆಗಿ, ಗುಣವಾಯ್ತು ಅಂತ ಎಲ್ಲರೂ ಉಸಿರು ಬಿಟ್ಟಿದ್ದರು. ಈಗ ರಕ್ತನಾಳ ಒಡೆದಿದೆ. ಯಾವ ಪಿಶಾಚಿಯೂ ಮುಟ್ಟಿಲ್ಲ. ಊರನ್ನೆಲ್ಲ ಉಳಿಸಿದ ಹುಡುಗಿಯ ಮನೆಯೊಳಕ್ಕೆ ಸಾವು ಯಾರನ್ನೂ ಕೇಳದೆ ಬಂದು ಕೂತಿದೆ.

ಅಕ್ಕ, ಇಡೀ ಎಪಿಸೋಡಿನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ, ಶುರುವಿನ ಟೈಟಲ್ ಹಾಡು ಬಿಟ್ಟರೆ. ನಮ್ಮ ಸೀರಿಯಲ್‌ಗಳಲ್ಲಿ ಅತ್ತೆ ತಿರುಗಿ ನೋಡಿದರೂ ಮೂರು ಸಲ ಢಣ್ ಅನ್ನುತ್ತಲ್ಲ, ಅದು ನೋಡುವವರಿಗೆ ಎಷ್ಟು ದೊಡ್ಡ ಆಸರೆ ಅಂತ ನನಗೆ ಅವತ್ತು ತಿಳೀತು. ಈಗ ಅಳು, ಈಗ ಹೆದರು ಅಂತ ಅದು ಕೈಹಿಡಿದು ಹೇಳಿಕೊಡುತ್ತೆ. ಇಲ್ಲಿ ಹೇಳಿಕೊಡೋರು ಯಾರೂ ಇಲ್ಲ. ಬಫಿ ಹಿಂದಿನ ಬಾಗಿಲಿಗೆ ಬಂದು ನಿಂತರೆ ಹೊರಗೆ ಮಕ್ಕಳು ಆಡುವ ಸದ್ದು ಕೇಳುತ್ತೆ, ಅಷ್ಟೇ. ಕ್ಯಾಮೆರಾ ಕಟ್ ಮಾಡದೆ ಅವಳ ಹಿಂದೆಯೇ ಅಲೆಯುತ್ತೆ. ವಾಂತಿ ಮಾಡಿಕೊಳ್ತಾಳೆ. ಅದರ ಮೇಲೆ ಪೇಪರ್ ಟವೆಲ್ ಹಾಸ್ತಾಳೆ. ಅದು ನೆನೆಯೋದನ್ನ ಕೂಡ ತೋರಿಸ್ತಾರೆ.

ಅದಕ್ಕೂ ಮುಂಚೆ 911ಕ್ಕೆ, ಇಲ್ಲಿನ ತುರ್ತು ನಂಬರಿಗೆ, ಫೋನ್ ಮಾಡ್ತಾಳೆ. ಆ ಕಡೆಯವಳು ಬಾಡಿ ತಣ್ಣಗಿದೆಯಾ ಅಂತ ಕೇಳ್ತಾಳೆ. ಬಫಿ ಇಲ್ಲ ಅಂದು, ನಮ್ಮಮ್ಮ ಅಂತ ತಿದ್ದಿ, ಬೆಚ್ಚಗೆ ಮಾಡಲಾ ಅಂತ ಕೇಳ್ತಾಳೆ. ನಾನು ಅಲ್ಲೇ ನಿಲ್ಲಿಸಿಬಿಟ್ಟೆ. ಪುಟ್ಟಿ ನನ್ನ ಮುಖ ನೋಡಿ ಸುಮ್ಮನೆ ನೀರು ತಂದುಕೊಟ್ಟಳು.

ನಾನು ಮನೆ ಮುಟ್ಟಿದ ದಿನ ನಿನಗೆ ನೆನಪಿದೆಯಾ? ಗೇಟಿನ ಹತ್ತಿರ ಶಾಮಿಯಾನದ ಕೆಳಗೆ ಯಾರೋ ‘ಬಾಡಿ ಎಷ್ಟು ಹೊತ್ತಿಗೆ ತೆಗೀತಾರೆ’ ಅಂತ ಕೇಳ್ತಿದ್ದರು. ಅವರದು ಕೆಟ್ಟ ಮಾತೇನಲ್ಲ, ನಮ್ಮಲ್ಲಿ ಎಲ್ಲರೂ ಹಾಗೇ ಅನ್ನೋದು. ನಿನ್ನೆ ಮೊನ್ನೆವರೆಗೆ ಅತ್ತಿಗೆ, ದೊಡ್ಡಮ್ಮ, ಅಮ್ಮಯ್ಯ ಆಗಿದ್ದವಳು ಬೆಳಗಾಗೋದರೊಳಗೆ ಬಾಡಿ. ಅವತ್ತು ನನಗೆ ಬಾಯಿ ಬರಲಿಲ್ಲ. ಈ ಹುಡುಗಿ ನನ್ನ ಪರವಾಗಿ ಅಂದಹಾಗಾಯ್ತು.

ನನಗೆ ನೀನು ಫೋನ್ ಮಾಡಿದಾಗ ನಿಮಗೆ ಬೆಳಗಿನ 8, ನಮಗೆ ಹಿಂದಿನ ದಿನದ ಸಂಜೆ 6-30. ಇಲ್ಲಿನ ಕ್ಯಾಲೆಂಡರಿನ ಲೆಕ್ಕದಲ್ಲಿ ಅಮ್ಮ ಇನ್ನೂ ಇದ್ದ ದಿನ. ವಿಮಾನದಲ್ಲಿ ಪೂರ್ತಿ ಅದನ್ನೇ ಹಿಡಿದುಕೊಂಡು ಕೂತಿದ್ದೆ. ಬಫಿಯೂ ಹಾಗೇ ಮಾಡ್ತಾಳೆ. ಅಮ್ಮ ಕೆಮ್ಮಿ ಎದ್ದು ಕೂತಹಾಗೆ, ಆಸ್ಪತ್ರೆಯಲ್ಲಿ ನಗ್ತಾ ಮಾತಾಡಿದಹಾಗೆ ಒಂದು ಕ್ಷಣ ಕಾಣುತ್ತೆ. ನಾವೂ ನಂಬಿಬಿಡ್ತೀವಿ. ಆಮೇಲೆ ಮತ್ತೆ ಅದೇ ಕೋಣೆ, ಆಂಬುಲೆನ್ಸಿನವರು ಎದೆ ಒತ್ತೋದನ್ನ ನಿಲ್ಲಿಸ್ತಿದ್ದಾರೆ.

ನಾನು ಬಂದಾಗ ಅಮ್ಮ ಐಸ್ ಪೆಟ್ಟಿಗೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು, ಹಸಿರು ಸೀರೆ ಉಟ್ಟುಕೊಂಡು, ತಲೆ ತುಂಬ ಹೂವು ಮುಡಿದು ಮಲಗಿದ್ದಳು. ಎಲ್ಲ ಅಣಿಯಾಗಿತ್ತು. ನಾನು ಕಂಡದ್ದು ಅಷ್ಟನ್ನೇ. ಆ ಅಣಿಯಾಗುವ ಮುಂಚಿನದನ್ನ ಕಂಡವಳು ನೀನೊಬ್ಬಳೇ. ಅಪ್ಪ ತೋಟಕ್ಕೆ ಹೋಗಿದ್ದರು. ಬಫಿ ಫೋನ್ ಇಟ್ಟು ಬಂದು, ಅಮ್ಮನ ಮೇಲಕ್ಕೆ ಸರಿದಿದ್ದ ಲಂಗವನ್ನ ಕೆಳಗೆಳೆದು ಸರಿಮಾಡ್ತಾಳೆ, ಹೊರಗಿನವರು ಬರೋದಕ್ಕೆ ಮುಂಚೆ. ಅದನ್ನ ನೋಡುವಾಗ ನನಗೆ ಚಿಕ್ಕಮ್ಮ ತಿಥಿಯ ದಿನ ಹೇಳಿದ್ದು ನೆನಪಾಯ್ತು. ‘ಪಾಪ, 108 ಬರೋ ಹೊತ್ತಿಗೆ ನಿಮ್ಮಕ್ಕ ಸೆರಗು ಸರಿಮಾಡಿ, ಕೆದರಿದ್ದ ಕೂದಲು ಸವರಿ, ಪಕ್ಕದಲ್ಲಿ ಕೂತಿದ್ದಳು’ ಅಂತ. ಅವತ್ತು ಕೇಳಿಸಿಕೊಂಡು ಎಲೆ ಬಡಿಸೋಕೆ ಹೋದೆ. ಒಂದೂವರೆ ವರ್ಷವಾಯ್ತು, ಆ ಮಾತನ್ನ ನಾನು ನಿನ್ನ ಹತ್ತಿರ ಎತ್ತಲೇ ಇಲ್ಲ.

ಉಳಿದ ಪಾತ್ರಗಳ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ವಿಲೋ ಅನ್ನೋ ಗೆಳತಿಗೆ ಯಾವ ಅಂಗಿ ಹಾಕಿಕೊಂಡು ಹೋಗಬೇಕು ಅಂತಲೇ ಗೊತ್ತಾಗೋದಿಲ್ಲ, ತೆಗೆದು ತೆಗೆದು ಎಸೀತಾಳೆ. ಆನ್ಯಾ ಅಂತ ಒಬ್ಬಳಿದ್ದಾಳೆ, ಸಾವಿರ ವರ್ಷ ರಾಕ್ಷಸಿಯಾಗಿದ್ದು ಈಗ ಮನುಷ್ಯಳಾಗಿರೋಳು. ಎಷ್ಟೋ ಜನರನ್ನ ಕೊಂದವಳಿಗೆ ಸಾವು ಅಂದರೆ ಏನಂತಲೇ ಗೊತ್ತಿಲ್ಲ. ಜಾಯ್ಸ್ ಬಾಡಿ ಇಲ್ಲೇ ಇದೆಯಲ್ಲ, ಅವಳು ಮತ್ತೆ ಅದರೊಳಕ್ಕೆ ಯಾಕೆ ಹೋಗಬಾರದು, ಇನ್ನು ಅವಳು ತಲೆ ಬಾಚೋದಿಲ್ಲವಾ, ಆಕಳಿಸೋದಿಲ್ಲವಾ ಅಂತ ಅಳ್ತಾ ಕೇಳ್ತಾಳೆ. ನಿನ್ನ ಮಗ ಆಗ ನಾಲ್ಕು ವರ್ಷದವನು, ಅಜ್ಜಿ ಯಾಕೆ ಮಾತಾಡ್ತಿಲ್ಲ ಅಂದಾಗ ದೊಡ್ಡವರೆಲ್ಲ ಅವನ ಬಾಯಿ ಮುಚ್ಚಿಸಿದೆವು. ಅವನು ಕೇಳಿದ್ದೇ ಸರಿ ಇತ್ತು.

ಕೊನೆಗೆ ಶವಾಗಾರದಲ್ಲಿ ಒಂದು ವ್ಯಾಂಪೈರ್ ಏಳುತ್ತೆ. ಬಫಿಯ ತಂಗಿ ಡಾನ್ ಒಬ್ಬಳೇ ಅಮ್ಮನನ್ನ ನೋಡೋಕೆ ಅಲ್ಲಿಗೆ ಹೋಗಿರ್ತಾಳೆ. ಇಂಥ ದಿನವೂ ಇದು ಬೇಕಿತ್ತಾ ಅಂತ ನನಗೆ ಮೊದಲು ಸಿಟ್ಟು ಬಂತು. ಮಾರನೆಯ ದಿನ ಪಾತ್ರೆ ತೊಳೆಯುವಾಗ ಅರ್ಥವಾಯ್ತು, ಬೇಕಿತ್ತು. ಬೇರೆ ದಿನ ಹಾರಿ ನೆಗೆದು ಹೊಡೆಯೋಳು ಇವತ್ತು ಸಂಗೀತವಿಲ್ಲದೆ, ಮುಲುಗುತ್ತಾ, ಗರಗಸದಿಂದ ಅದರ ಕತ್ತು ಕೊಯ್ಯಬೇಕು. ಅಮ್ಮ ಪಕ್ಕದಲ್ಲೇ ಮಲಗಿದ್ದಾಳೆ, ಆದರೂ ಮಾಡೋ ಕೆಲಸ ಬಿಡೋ ಹಾಗಿಲ್ಲ. ನೀನು ಅವತ್ತು ಬಂದವರಿಗೆಲ್ಲ ಕಾಫಿ ವಿಚಾರಿಸ್ತಾ, ಪುರೋಹಿತರಿಗೆ ಗೋತ್ರ ಹೇಳ್ತಾ, ನನ್ನ ವಿಮಾನದ ಹೊತ್ತು ಕೇಳ್ತಾ ಓಡಾಡಿದೆ.

ಡಾನ್ ಅಮ್ಮನ ಕೆನ್ನೆ ಮುಟ್ಟೋಕೆ ಬೆರಳು ಚಾಚ್ತಾಳೆ. ಇದು ಅವಳಲ್ಲ, ಅಮ್ಮ ಹೊರಟುಹೋದಳು ಅಂತಾಳೆ ಬಫಿ. ಎಲ್ಲಿಗೆ ಹೋದಳು ಅಂತ ಡಾನ್ ಕೇಳ್ತಾಳೆ. ಬೆರಳು ತಾಗೋದಕ್ಕೆ ಮುಂಚೆಯೇ ಮುಗಿದುಹೋಗುತ್ತೆ. ನಾನು ಮುಟ್ಟಿದೆ, ನೀನೇ ಪೆಟ್ಟಿಗೆಯ ಗಾಜು ಸರಿಸಿದೆ. ತಣ್ಣಗಿತ್ತು. ಆದರೂ ಮುಟ್ಟಿದ್ದು ಒಳ್ಳೆಯದಾಯ್ತು ಅನ್ನಿಸುತ್ತೆ.

ಅದರ ಮುಂದಿನ ಎಪಿಸೋಡಿನಲ್ಲಿ ಡಾನ್ ಅಮ್ಮನನ್ನ ಮಂತ್ರ ಹಾಕಿ ವಾಪಸು ಕರೆಸ್ತಾಳೆ. ಬಾಗಿಲು ಬಡಿಯುವ ಸದ್ದು. ಅಷ್ಟು ಹೊತ್ತೂ ಗಟ್ಟಿಯಾಗಿದ್ದ ಬಫಿ ಅಮ್ಮಾ ಅಂತ ಬಾಗಿಲಿಗೆ ಓಡ್ತಾಳೆ. ಡಾನ್ ಅಷ್ಟರಲ್ಲಿ ಅಮ್ಮನ ಫೋಟೋ ಹರೀತಾಳೆ, ಮಂತ್ರ ಮುರಿಯುತ್ತೆ. ಬಾಗಿಲು ತೆಗೆದರೆ ಯಾರೂ ಇಲ್ಲ. ನಾನಾಗಿದ್ದರೆ ಹರೀತಿರಲಿಲ್ಲ ಕಣಕ್ಕ. ಅಮ್ಮನ ದನಿಯಲ್ಲಿ ಯಾರೇ ಕೂಗಲಿ, ಬಾಗಿಲ ಮೇಲೆ ಏನೇ ಬರೆದಿರಲಿ, ತೆಗೀತಿದ್ದೆ.

ನಾನು ಕೇಳಬೇಕು ಅಂತ ಕೂತದ್ದು ಇದನ್ನ. ಬಫಿ ಡಾಕ್ಟರನ್ನ ಅಮ್ಮನಿಗೆ ನೋವಾಗಲಿಲ್ಲ ತಾನೇ ಅಂತ ಕೇಳ್ತಾಳೆ. ಖಂಡಿತ ಇಲ್ಲ ಅಂತಾನೆ. ಆದರೆ ಅದೇ ಹೊತ್ತಿಗೆ ಅವಳ ಕಿವಿಗೆ ಬೇರೆ ಮಾತು ಕೇಳಿಸುತ್ತೆ, ನಿನ್ನ ಸಮಾಧಾನಕ್ಕೆ ನಾನು ಸುಳ್ಳು ಹೇಳಲೇಬೇಕು ಅಂತ. ಅವತ್ತು ಫೋನಿನಲ್ಲಿ ನೀನೂ ‘ಅಮ್ಮನಿಗೆ ಏನೂ ನೋವಾಗಲಿಲ್ಲ ಕಣೇ, ಟಿಕೆಟ್ ನೋಡು’ ಅಂದೆ. ಅದನ್ನೇ ನಂಬಿಕೊಂಡು ಬಂದಿದ್ದೀನಿ. ಅದು ನಿಜವಾ, ನನಗೋಸ್ಕರ ಹೇಳಿದ್ದಾ? ನೀನು ಬಂದಾಗ ಅಮ್ಮನಿಗೆ ಉಸಿರಿತ್ತಾ? ಕಾಯಿ ತುರಿಯೋ ಮಣೆ ಪಕ್ಕದಲ್ಲೇ ಬಿದ್ದಿದ್ದಳು, ಅರ್ಧ ತುರಿದ ಕಾಯಿ ಹಾಗೇ ಇತ್ತು ಅಂತ ಚಿಕ್ಕಮ್ಮ ಹೇಳಿದ್ದರು. ಆ ಕಾಯಿಯನ್ನ ನೀನು ಏನು ಮಾಡಿದೆ?

ಎಷ್ಟು ಕಷ್ಟದ್ದಾದರೂ ಬರಿ. ಒಂದೇ ಸಲಕ್ಕೆ ಆಗದಿದ್ದರೆ ಸ್ವಲ್ಪ ಸ್ವಲ್ಪವೇ ಬರಿ. ಭಾನುವಾರ ಫೋನಿನಲ್ಲಿ ನಾನು ಈ ವಿಷಯ ಎತ್ತೋದಿಲ್ಲ, ಕಾಗದಕ್ಕೆ ಕಾಯ್ತೀನಿ.

ಅಪ್ಪನಿಗೆ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಗನಿಗೆ ಮುತ್ತು.

ಇಂತಿ ನಿನ್ನ ಪ್ರೀತಿಯ,
ತಂಗಿ